ತವರಿಗೆ ಒಂದು ಗಂಟೆ

ಮದುವೆಯಾಗಿ ಮಂಗಳೂರಿನಿಂದ ಬೆಂಗಳೂರಿಗೆ ಬಂದ ಹೊಸತರಲ್ಲಿ, ತವರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ‘ಒಂದು ರಾತ್ರಿ’ ಎನ್ನುತ್ತಿದ್ದೆ. ಶಿರಾಡಿ ಘಾಟಿಯ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಕಾಫಿ ಅಮ್ಮನ ಅಡುಗೆಮನೆಯಲ್ಲಿ. ನಕಾಶೆಯಲ್ಲಿ ನೋಡಿದರೆ ಎರಡೂ ಊರುಗಳು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲೇ ಇವೆ. ಗೆರೆ ಎಳೆದರೆ ನೇರ ಅಂತರ ಸುಮಾರು 300 ಕಿಲೋಮೀಟರ್. ನಡುವೆ ಪಶ್ಚಿಮ ಘಟ್ಟ.

ಮಂಗಳೂರಿಗೆ ವಿಮಾನ ಬಂದದ್ದು ನಾನು ಹುಟ್ಟುವ ಮೊದಲೇ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಜ್ಪೆಯ ಗುಡ್ಡದ ಮೇಲೆ ಬಂದಿಳಿದರು. ಡಕೋಟಾದ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. ಅಂದರೆ ಆ ನಿಧಾನದ ವಿಮಾನಕ್ಕೂ ಬೆಂಗಳೂರು ಒಂದು ಗಂಟೆಗಿಂತ ತುಸು ಹೆಚ್ಚಿನ ದಾರಿ, ಅಷ್ಟೆ.

1998ರ ಜುಲೈ ತಿಂಗಳು. ಅಪ್ಪನಿಗೆ ತೀರಾ ಹುಷಾರಿಲ್ಲವೆಂದು ಫೋನು ಬಂತು. ಮೀಟರ್ ಗೇಜ್ ಹಳಿ ಬದಲಿಸಲೆಂದು ಹಾಸನ–ಮಂಗಳೂರು ರೈಲು 1996ರಲ್ಲೇ ನಿಂತಿತ್ತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಬಸ್ಸು ಹತ್ತಿದೆ. ಘಾಟಿಯಲ್ಲಿ ಮಣ್ಣು ಕುಸಿದು ರಾತ್ರಿಯಿಡೀ ಮಳೆಯಲ್ಲಿ ನಿಂತೆವು. ನಾನು ಮನೆ ಮುಟ್ಟಿದಾಗ ಅಪ್ಪನ ಚಿತೆ ಆರಿತ್ತು. ಆ ದಿನ ನಮ್ಮ ಮನೆಯಲ್ಲಿ ವಿಮಾನದ ಹೆಸರನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ದೊಡ್ಡವರ ವಾಹನವೆಂದೇ ನಂಬಿದ್ದೆವು.

2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿದರು. ಟಿಕೆಟ್ಟಿನ ಬೆಲೆ ನಮ್ಮಂಥವರ ಲೆಕ್ಕಾಚಾರದೊಳಗೂ ಬರತೊಡಗಿತು. ಎರಡು ವರ್ಷದ ಮೇಲೆ ನಾನೂ ಮೊದಲ ಸಲ ಎಚ್‌ಎಎಲ್ ನಿಲ್ದಾಣದಿಂದ ಹಾರಿದೆ. ಘಟ್ಟವೆಲ್ಲ ಕೆಳಗೆ ಹಸಿರು ಕಂಬಳಿಯ ಹಾಗೆ ಮುದುಡಿ ಬಿದ್ದಿತ್ತು.

“ಎಷ್ಟು ಹೊತ್ತು ಬೇಕಾಯಿತು ಮಗಾ?” ಎಂದು ಅಮ್ಮ ಕೇಳಿದಳು.

“ಐವತ್ತು ನಿಮಿಷ.”

ಅಮ್ಮ ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿದಳು. “ಆವತ್ತೂ ವಿಮಾನ ಇತ್ತಲ್ಲ” ಎಂದಳು. ನಾನು ಉತ್ತರಿಸಲಿಲ್ಲ.

2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ದೇವನಹಳ್ಳಿಗೆ, ಪೇಟೆಯಿಂದ ಸುಮಾರು 35 ಕಿಲೋಮೀಟರ್ ಆಚೆಗೆ ಹೋಯಿತು. ಈಗ ನಮ್ಮ ಮನೆಯಿಂದ ಅಲ್ಲಿಗೆ ಎರಡು ಗಂಟೆ, ಅಲ್ಲಿ ಕಾಯುವುದು ಒಂದೂವರೆ ಗಂಟೆ, ಬಜ್ಪೆಯಿಂದ ಮನೆಗೆ ಮುಕ್ಕಾಲು ಗಂಟೆ. ಆಕಾಶದಲ್ಲಿರುವುದು ಹೆಚ್ಚು ಕಡಿಮೆ ಅದೇ ಒಂದು ಗಂಟೆ. ಡಕೋಟಾದ ಕಾಲದಿಂದ ಇಲ್ಲಿಯವರೆಗೆ ಅದರಲ್ಲಿ ಉಳಿದದ್ದು ಕೆಲವೇ ನಿಮಿಷ. ನಿಜವಾಗಿ ಬದಲಾದದ್ದು ಆ ಆಸನದಲ್ಲಿ ಯಾರು ಕೂರಬಹುದು ಎಂಬುದು.

ಅಮ್ಮನ ಆ ಮಾತು ಕೇಳಿ ಬಂದ ಮೇಲೆ, ಒಂದು ಟಿಕೆಟ್ಟಿನಷ್ಟು ಹಣವನ್ನು ಬೀರುವಿನಲ್ಲಿ ಸೀರೆಗಳ ಮಡಿಕೆಯೊಳಗೆ ಇಡತೊಡಗಿದೆ. ಅಮ್ಮನ ಕೊನೆಯ ದಿನ ಯಾರನ್ನೂ ಕೇಳದೆ ಅದನ್ನು ತೆಗೆದುಕೊಂಡು ಹೊರಟೆ. ನಾನು ತಲುಪಿದಾಗ ಅವಳ ಕೈ ಇನ್ನೂ ಬೆಚ್ಚಗಿತ್ತು. ನನ್ನ ಗುರುತು ಹಿಡಿದಳು.