ಪಂಚ ಪಾಂಡವರು, ಬೆಂಗಳೂರು ತಂಡ ಮತ್ತು ದ್ರೋಣಪುರದ ಒಬ್ಬ ಅಭಿಮಾನಿ



ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂರು ನಾಲ್ಕು ಜನ ಬೆಂಗಳೂರು ಎಫ್‌ಸಿ ಕಾಲ್ಚೆಂಡು ತಂಡದ ಕಟ್ಟಾ ಅಭಿಮಾನಿಗಳು. ಪ್ರತಿ ಋತುವಿನ ಮುನ್ನ ಆಟಗಾರರ ಪಟ್ಟಿಯನ್ನು ನನಗೆ ಕಳುಹಿಸಿ, "ಸರ್, ಈ ಸಲ ಹೆಂಗ್ರೀ? ಕಪ್ ಬರತೈತಿಲ್ರೀ?" ಎಂದು ಕೇಳುವುದು ಅವರ ರೂಢಿ. ನಾನು ಇತಿಹಾಸ ಕಲಿಸಿದವನೇ ಹೊರತು ಜ್ಯೋತಿಷಿಯಲ್ಲ. ಪಟ್ಟಿಯಲ್ಲಿ ದೊಡ್ಡ ಹೆಸರುಗಳು ಹೆಚ್ಚಿದಷ್ಟೂ ಅವರ ಉತ್ಸಾಹ ಹೆಚ್ಚುತ್ತದೆ. ನನ್ನ ಅನುಮಾನವೂ ಅಷ್ಟೇ ಹೆಚ್ಚುತ್ತದೆ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸಲಾಗದ ಈ ಅನುಮಾನದ ಮೂಲವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ರೋಣ, ನರಗುಂದ, ಗಜೇಂದ್ರಗಡ ಕಾಲ್ಚೆಂಡಿನ ಸೀಮೆಯಲ್ಲ. ನಮ್ಮದು ಎರೆಭೂಮಿ. ಮಳೆ ಬಿದ್ದರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲಾಗದು. ಬೇಸಿಗೆಯಲ್ಲಿ ಅದೇ ನೆಲ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಚೆಂಡು ಉರುಳಬೇಕಾದ ಆಟಕ್ಕೆ ಅದು ನೆಲವೇ ಅಲ್ಲ. ನಮ್ಮ ಹುಡುಗರು ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಡಿ ಬೆಳೆದವರು. ನಾನು ಕಾಲ್ಚೆಂಡಾಟವನ್ನು ಕಲಿತದ್ದು ರೇಡಿಯೋ ಮತ್ತು ವೃತ್ತಪತ್ರಿಕೆಗಳಿಂದ. ಆದರೆ ತಾರೆಯರ ತಂಡ ಎಂದರೆ ಏನು ಎಂಬುದನ್ನು ಕಬಡ್ಡಿಯೇ ನನಗೆ ಕಲಿಸಿತು.

ನಾವಿನ್ನೂ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದ ಮಾತು. ಒಂದು ವರ್ಷ ಪ್ರೌಢಶಾಲೆಗಳ ಕ್ರೀಡಾಕೂಟಕ್ಕೆ ಸುತ್ತಲಿನ ಶಾಲೆಗಳಿಂದ ಹೆಸರಾದ ಹುಡುಗರನ್ನೇ ಆರಿಸಿ ಒಂದು ತಂಡ ಕಟ್ಟಿದ್ದರು. ಏಳಕ್ಕೆ ಏಳೂ ಮಂದಿ ದಾಳಿಯಲ್ಲಿ ಹುಲಿಗಳು. ಎದುರಾದವರು ಯಾರಿಗೂ ಪರಿಚಯವಿಲ್ಲದ ಹಳ್ಳಿಯ ಒಂದೇ ಶಾಲೆಯ ಹುಡುಗರು. ಅವರಲ್ಲಿ ಇಬ್ಬರು ಮೂಲೆಯಲ್ಲಿ ನಿಂತು ಕಾಲು ಹಿಡಿಯುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ನಮ್ಮ ಏಳೂ ಹುಲಿಗಳು ಒಬ್ಬೊಬ್ಬರಾಗಿ ಹೋಗಿ ಆ ಇಬ್ಬರ ಕೈಗೆ ಸಿಕ್ಕರು. ನಮ್ಮ ಕಡೆ ಹಿಡಿಯುವವನೇ ಇರಲಿಲ್ಲ. ಹಿಡಿಯುವುದು ತನ್ನ ಕೆಲಸವೆಂದು ಯಾರೂ ಭಾವಿಸಿರಲಿಲ್ಲ. ಆಟ ಮುಗಿದ ಮೇಲೆ ಒಬ್ಬೊಬ್ಬ ಹುಡುಗನೂ ಉಳಿದ ಆರು ಜನರನ್ನು ದೂರುತ್ತಿದ್ದ.

ಹಾಗಾದರೆ ತಾರೆಯರಿಂದಲೇ ಕಟ್ಟಿದ ತಂಡ ಗೆಲ್ಲುವುದೇ ಇಲ್ಲವೇ? ಗೆಲ್ಲುತ್ತದೆ, ಗೆದ್ದಿದೆ. ಭಾರತದ ಮಟ್ಟಿಗೆ ಅದಕ್ಕೆ ಶ್ರೇಷ್ಠ ಉದಾಹರಣೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ 'ಪಂಚ ಪಾಂಡವರು'. ರೋಣಕ್ಕೆ ಹಿಂದೆ ದ್ರೋಣಪುರವೆಂಬ ಹೆಸರಿತ್ತು, ದ್ರೋಣಾಚಾರ್ಯರ ಊರಿದು ಎಂಬ ಐತಿಹ್ಯವನ್ನು ಕೇಳುತ್ತ ಬೆಳೆದ ನನಗೆ ಪಾಂಡವರ ಹೆಸರು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಈ ಐವರ ಕಥೆಯನ್ನು ಹುಡುಕಿ ಹುಡುಕಿ ಓದಿದೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣ ಭಾರತದವರು. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹಾ ಅವರು ಜತೆಗೂಡಿಸಿದ ಈ ಮುಂಪಡೆ 1949ರಿಂದ 1953ರವರೆಗೆ ಒಟ್ಟಾಗಿ ಆಡಿತು. 1949ರಲ್ಲಿ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಈ ಮೂರೂ ಒಂದೇ ವರ್ಷದಲ್ಲಿ ಈಸ್ಟ್ ಬೆಂಗಾಲ್ ಪಾಲಾದವು. ಶೀಲ್ಡ್ 1950 ಮತ್ತು 1951ರಲ್ಲಿಯೂ ಅದರದೇ. 1951 ಮತ್ತು 1952ರ ಡುರಾಂಡ್ ಕಪ್ ಕೂಡ ಅದರದೇ.

ಐವರೂ ಮುಂದಿನ ಸಾಲಿನವರು. ಮೇಲೆ ಹೇಳಿದ ನಮ್ಮ ಕಬಡ್ಡಿ ತಂಡದಂತೆ ಇಲ್ಲಿಯೂ ಜಗಳ ಬರಬೇಕಾಗಿತ್ತು. ಬರಲಿಲ್ಲ. ಅಂದಿನ ಪದ್ಧತಿಯಲ್ಲಿ ಮುಂಪಡೆಯ ಐದು ಸ್ಥಾನಗಳಿಗೂ ಬೇರೆ ಬೇರೆ ಕರ್ತವ್ಯ: ಎರಡು ಅಂಚುಗಳಲ್ಲಿ ಓಡುವವರಿಬ್ಬರು, ಅವರ ಒಳಮಗ್ಗುಲಲ್ಲಿ ನಿಂತು ಚೆಂಡನ್ನು ಹಂಚುವವರಿಬ್ಬರು, ನಡುವೆ ನಿಂತು ಗೋಲು ಹೊಡೆಯುವವನೊಬ್ಬ. ಐವರು ತಾರೆಗಳಿಗೆ ಐದು ಕೆಲಸ. ಒಬ್ಬನ ಕೆಲಸ ಇನ್ನೊಬ್ಬನಿಗೆ ಅಡ್ಡ ಬರಲಿಲ್ಲ. ಮೇಲಾಗಿ, ಸೋತರೂ ಗೆದ್ದರೂ ವರ್ಷಗಟ್ಟಲೆ ಅವರೇ ಅವರ ಜತೆ ಆಡಿದರು. ಈ ಎರಡನೆಯ ಮಾತನ್ನು ನಮ್ಮ ಇಂದಿನ ತಂಡಗಳ ಮಾಲೀಕರು ಮರೆತಿದ್ದಾರೆ ಎಂಬುದು ನನ್ನ ಅಭಿಮತ.

ಈ ಐವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನ ಹುಡುಗ. ಚೆಂಡು ಅವರ ಕಾಲಿಗೆ ಅಂಟಿಕೊಂಡಂತಿರುತ್ತಿತ್ತು ಎಂದು ಕಂಡವರು ಬರೆದಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. ನಮ್ಮವರಲ್ಲಿ ಬಹುತೇಕರು ಆಡಿದ್ದು ಬರಿಗಾಲಿನಲ್ಲಿ. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ವಿರುದ್ಧ ಭಾರತ 1-10ರಿಂದ ತತ್ತರಿಸಿತು. ಅಲ್ಲಿಯೂ ಭಾರತದ ಏಕೈಕ ಗೋಲು ಅಹ್ಮದ್ ಖಾನ್ ಅವರದು. ಎರಡು ಒಲಿಂಪಿಕ್ಸ್, ಎರಡು ಗೋಲು, ಎರಡೂ ಬೆಂಗಳೂರಿನ ಕಾಲಿನಿಂದ! ನಾನು ತರಗತಿಯಲ್ಲಿ ಸ್ವಾತಂತ್ರ್ಯಾನಂತರದ ಭಾರತದ ಪಾಠ ಮಾಡುವಾಗ ಇದನ್ನು ಹೇಳುತ್ತಿದ್ದುದು ಕೆಲವರಿಗೆ ನೆನಪಿರಬಹುದು. ಪಠ್ಯದಲ್ಲಿ ಇಲ್ಲದ್ದನ್ನು ಹೇಳಿ ಸಮಯ ಕಳೆಯುತ್ತಾರೆಂದು ಗೊಣಗಿದವರೂ ನೆನಪಿದ್ದಾರೆ. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ನಮ್ಮಲ್ಲಿ ಆಟಗಾರರಿಗೆ ಬರವಿರಲಿಲ್ಲ ಎಂಬುದಕ್ಕೆ ಸಂತೋಷ್ ಟ್ರೋಫಿಯೇ ಸಾಕ್ಷಿ. ಮೈಸೂರು ರಾಜ್ಯದ ತಂಡ ಅದನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಮುಂದಿನ ಗೆಲುವಿಗೆ ನಾವು 54 ವರ್ಷ ಕಾಯಬೇಕಾಯಿತು: 2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಆ ತಂಡದಲ್ಲಿ ಮನೆಮಾತಾದ ಹೆಸರು ಒಂದೂ ಇರಲಿಲ್ಲ.

ಹೊರಗಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. ನಾನು ಕಾಲೇಜು ಸೇರಿದ ಹೊಸತರಲ್ಲಿ, 1977ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕಿನ ಕಾಸ್ಮಾಸ್ ತಂಡ ಪೆಲೆಯವರನ್ನು ಕರೆದುಕೊಂಡು ಕಲ್ಕತ್ತೆಗೆ ಬಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಜತೆ 2-2ರ ಸಮ ಮಾಡಿಕೊಂಡಿತು. ಹಣ ಚೆಲ್ಲಿ ತಾರೆಗಳನ್ನು ಕೂಡಿಸಿದ ಆ ಕಾಸ್ಮಾಸ್ ಆಡುತ್ತಿದ್ದ ಅಮೆರಿಕದ ಲೀಗ್ 1984ರ ನಂತರ ಮುಚ್ಚಿಯೇ ಹೋಯಿತು. ಸ್ಪೇನಿನ ರಿಯಲ್ ಮ್ಯಾಡ್ರಿಡ್ 2000ದಿಂದ ವರ್ಷಕ್ಕೊಬ್ಬರಂತೆ ಫಿಗೊ, ಜಿದಾನ್, ರೊನಾಲ್ಡೊ, ಬೆಕಮ್ ಅವರನ್ನು ತಂದಿತು. ಆದರೆ ಬೆಕಮ್ ಬಂದ 2003ರಲ್ಲಿಯೇ, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡು ಈ ಮಹಾನುಭಾವರಿಗೆ ಒಪ್ಪಿಸುತ್ತಿದ್ದ ಮೆಕೆಲೆಲೆ ಎಂಬಾತನನ್ನು ಚೆಲ್ಸಿಗೆ ಮಾರಿತು. ಆ ಋತುವಿನಲ್ಲಿ ಮ್ಯಾಡ್ರಿಡ್ ಸ್ಪೇನ್ ಲೀಗ್‌ನಲ್ಲಿ ನಾಲ್ಕನೆಯದಾಯಿತು. ನಮ್ಮ ಕಬಡ್ಡಿ ತಂಡದಲ್ಲಿ ಕಾಲು ಹಿಡಿಯುವವನಿರಲಿಲ್ಲವಲ್ಲ, ಅದೇ ಕಥೆ. ಖರ್ಚು ಮಾತ್ರ ಕೋಟಿಗಳಲ್ಲಿ. ಪ್ಯಾರಿಸ್ ತಂಡದಲ್ಲಿ ಮೆಸ್ಸಿ, ನೇಮಾರ್, ಎಂಬಾಪೆ ಮೂವರೂ ಜತೆಗಿದ್ದ ಎರಡು ಋತುಗಳಲ್ಲಿ ಅದು ಚಾಂಪಿಯನ್ಸ್ ಲೀಗ್‌ನ ಹದಿನಾರರ ಸುತ್ತನ್ನು ದಾಟಲಿಲ್ಲ. ಮೂವರೂ ಹೋದ ಮೇಲೆ 2025ರ ಮೇ 31ರಂದು ಇಂಟರ್ ಮಿಲಾನ್ ತಂಡವನ್ನು 5-0ಯಿಂದ ಸೋಲಿಸಿ ಕಪ್ ಎತ್ತಿತು.

ಈಗ ನಮ್ಮ ತಂಡಕ್ಕೆ ಬರೋಣ. 2012ರವರೆಗೆ ಐ-ಲೀಗ್‌ನಲ್ಲಿ ಬೆಂಗಳೂರನ್ನು ಪ್ರತಿನಿಧಿಸಿದ್ದು ಎಚ್‌ಎಎಲ್ ತಂಡ. ಕಾರ್ಖಾನೆಯ ತಂಡವೆಂದರೆ ಆಡುವವನಿಗೆ ಕಾಯಂ ನೌಕರಿ ಮತ್ತು ನಿವೃತ್ತಿಯ ಭರವಸೆ. ಅದು ಕೆಳಗಿಳಿದು ಹೋಯಿತು. 2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿ ಸುನಿಲ್ ಛೇತ್ರಿಯವರನ್ನು ನಾಯಕರನ್ನಾಗಿಸಿತು. ಮೊದಲ ವರ್ಷವೇ ತಂಡ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೊಮ್ಮೆ. 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎನಿಸಿ, ದೋಹಾದಲ್ಲಿ ಇರಾಕಿನ ತಂಡಕ್ಕೆ 0-1ರಿಂದ ಸೋತಿತು. ಅಂದು ತಂಡದಲ್ಲಿ ತಾರೆ ಎನ್ನಬಹುದಾದವರು ಛೇತ್ರಿ ಮತ್ತು ಇನ್ನೊಬ್ಬಿಬ್ಬರು, ಅಷ್ಟೇ.

2017ರಲ್ಲಿ ಐಎಸ್‌ಎಲ್ ಸೇರಿದ ಮೇಲೆ ಪಟ್ಟಿ ಉದ್ದವಾಯಿತು. ಮೊದಲ ಋತುವಿನ ಫೈನಲ್‌ನಲ್ಲಿ ಕಂಠೀರವದಲ್ಲಿಯೇ ಚೆನ್ನೈಯಿನ್‌ಗೆ 2-3ರಿಂದ ಸೋಲು. 2018-19ರಲ್ಲಿ ಲೀಗಿನ ಅಗ್ರಸ್ಥಾನವೂ ಸಿಕ್ಕಿತು, ಕಪ್ಪೂ ಸಿಕ್ಕಿತು. ವೆನೆಜುವೆಲಾದ ಮಿಕು, ಛೇತ್ರಿ, ಉದಾಂತ ಸಿಂಗ್ ಮುಂದೆ. ಗೋಲಿನಲ್ಲಿ ಗುರುಪ್ರೀತ್ ಸಿಂಗ್. ಪತ್ರಿಕೆಗಳು ಬರೆದದ್ದು ಇವರ ಬಗ್ಗೆ. ಆದರೆ ಆ ತಂಡದ ಬೆನ್ನೆಲುಬು ನಡುವಿನಲ್ಲಿ ನಿಂತ ಪಾರ್ಟಾಲು ಮತ್ತು ದಿಮಾಸ್ ಡೆಲ್ಗಾಡೊ. 2019ರ ಮಾರ್ಚ್ 17ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ದಿಮಾಸ್ ಮೂಲೆಯಿಂದ ಒದ್ದ ಚೆಂಡಿಗೆ ತಲೆ ಕೊಟ್ಟು ಗೋಲು ಮಾಡಿದವರು ಮಿಕು ಅಲ್ಲ, ಛೇತ್ರಿಯೂ ಅಲ್ಲ, ಹಿಂಬದಿಯ ರಾಹುಲ್ ಭೇಕೆ.

ನನಗೆ ಅತ್ಯಂತ ಕುತೂಹಲದ ಋತು 2022-23. ಆ ವರ್ಷ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್, ಸಂದೇಶ್ ಝಿಂಗನ್, ಪ್ರಬೀರ್ ದಾಸ್ ಬಂದರು. ನನ್ನ ಶಿಷ್ಯರು ಕುಣಿದಾಡಿದರು. ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಬಂದಾಗ ನಾನೂ ಸುಮ್ಮನಾದೆ. ಐಎಸ್‌ಎಲ್‌ನ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು. ಆಮೇಲೆ ತಂಡ ಚೇತರಿಸಿಕೊಂಡು ಸತತ 8 ಪಂದ್ಯ ಗೆದ್ದಿತು. ಹೇಗೆ? ಶಿವಶಕ್ತಿ ನಾರಾಯಣನ್ ಎಂಬ ತಮಿಳುನಾಡಿನ ಯುವಕ ಮುಂದೆ ಆಡಿದ. ಛೇತ್ರಿಯವರು ಹಲವು ಪಂದ್ಯಗಳಲ್ಲಿ ಬದಲಿ ಆಟಗಾರರಾಗಿ ಬೆಂಚಿನಿಂದ ಎದ್ದು ಬಂದರು. ದೇಶದ ನಾಯಕನಾದವನು ಬೆಂಚಿನ ಮೇಲೆ ಕುಳಿತು ತನ್ನ ಸರದಿ ಕಾದದ್ದನ್ನು ನಾನು ಅವರ ಗೋಲುಗಳಷ್ಟೇ ದೊಡ್ಡದೆಂದು ಎಣಿಸುತ್ತೇನೆ. ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತೆವು. ಮರುವರ್ಷ ಮತ್ತೆ ಹೊಸಬರು, ಮತ್ತೆ ಹೊಸ ಪಟ್ಟಿ; 12 ತಂಡಗಳಲ್ಲಿ 10ನೆಯ ಸ್ಥಾನ. 2024-25ರಲ್ಲಿ ನಲವತ್ತು ತುಂಬಿದ ಛೇತ್ರಿ 14 ಗೋಲು ಹೊಡೆದರು. ತಂಡ ಫೈನಲ್‌ಗೇರಿ ಮೋಹನ್ ಬಾಗಾನ್‌ಗೆ 1-2ರಿಂದ ಸೋತಿತು.

ಇಷ್ಟರಲ್ಲಿ ಬೇರೊಂದು ವಿಷಯವನ್ನೂ ಬರೆಯಬೇಕು. ಬಳ್ಳಾರಿ ಜಿಲ್ಲೆಯಲ್ಲಿ ಈ ತಂಡದ ವಸತಿ ಅಕಾಡೆಮಿಯಿದೆ ಎಂಬ ಸುದ್ದಿ ನಮ್ಮ ಕಡೆಗೂ ಬಂದಿದೆ. ಗಜೇಂದ್ರಗಡದಲ್ಲಿ ಮಗ್ಗದ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2025ರಲ್ಲಿ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದ. "ಹುಡುಗ ಚೊಲೋ ಆಡ್ತಾನ್ರೀ ಸರ್. ಕಳಸ್ಲಿ ಏನ್ರೀ? ಆಡಿದ್ರ ನೌಕರಿ ಸಿಗತೈತೇನ್ರೀ?" ಎಚ್‌ಎಎಲ್ ಕಾಲವಾಗಿದ್ದರೆ ಹೌದೆನ್ನುತ್ತಿದ್ದೆ. ಆದರೆ ಅದೇ ವರ್ಷ ಜುಲೈನಲ್ಲಿ ಐಎಸ್‌ಎಲ್ ಸಂಘಟಕರು ಮುಂದಿನ ಋತುವನ್ನು ತಡೆಹಿಡಿದಿದ್ದರು. ಆಗಸ್ಟ್‌ನಲ್ಲಿ ಬೆಂಗಳೂರು ತಂಡ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ನಿಲ್ಲಿಸಿತ್ತು. ಕಿರಿಯರ ತಂಡಗಳಿಗೂ ತರಬೇತಿ ಶಾಲೆಗಳಿಗೂ ಇದು ತಟ್ಟದೆಂದು ಹೇಳಿತ್ತು, ಅದು ಮೆಚ್ಚತಕ್ಕದ್ದೇ. ತಾರೆಗಳಿಗೇ ಸಂಬಳ ನಿಂತಾಗ ಮಗ್ಗದವನ ಮಗನಿಗೆ ನಾನು ಏನು ಭರವಸೆ ಕೊಡಲಿ? ಹತ್ತನೆಯ ತರಗತಿ ಮುಗಿಯುವವರೆಗೆ ಶಾಲೆ ಬಿಡಿಸಬೇಡ, ಆಯ್ಕೆಗೆ ಮಾತ್ರ ಕರೆದುಕೊಂಡು ಹೋಗು, ಅಲ್ಲಿ ಓದಿಗೆ ಏನು ವ್ಯವಸ್ಥೆ ಎಂದು ಮೊದಲು ಕೇಳು ಎಂದೆ. ಹುಡುಗ ನನ್ನತ್ತ ನೋಡಲಿಲ್ಲ. ಅವನಿಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ.

ಆದ್ದರಿಂದ, ಶಿಷ್ಯರೇ, ಮುಂದಿನ ಪಟ್ಟಿ ಕಳುಹಿಸುವಾಗ ಯಾವ ವಿದೇಶಿ ತಾರೆ ಬಂದ ಎಂಬುದನ್ನು ಕೊನೆಗೆ ಬರೆಯಿರಿ. ಹಿಂದಿನ ಋತುವಿನಲ್ಲಿ ಜತೆಯಾಗಿ ಆಡಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ, ನಡುವಿನಲ್ಲಿ ನಿಂತು ಚೆಂಡು ಕಿತ್ತುಕೊಳ್ಳುವವನು ಯಾರು, ಇವೆರಡನ್ನು ಮೊದಲು ತಿಳಿಸಿರಿ. ಏಳೆಂಟು ಜನ ಉಳಿದಿದ್ದು, ಆ ಒಬ್ಬನೂ ಇದ್ದರೆ, ತಂಡ ಫೈನಲ್ ಮುಟ್ಟುತ್ತದೆಂದು ಈಗಲೇ ಬರೆದುಕೊಡುತ್ತೇನೆ. ಇಲ್ಲವಾದರೆ ಪೆಲೆಯೇ ಎದ್ದು ಬಂದರೂ ಆರನೆಯದೋ ಏಳನೆಯದೋ ಸ್ಥಾನ.

ಮೂರನೆಯದಾಗಿ, ನಮ್ಮ ನಾಡಿನ ಹುಡುಗರು ಎಷ್ಟು ಎಂಬುದನ್ನೂ ಎಣಿಸಿರಿ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ವಿನೀತ್ ವೆಂಕಟೇಶ್ ಎಂಬ ಬೆಂಗಳೂರಿನದೇ ಹದಿಹರೆಯದ ಹುಡುಗ ಐಎಸ್‌ಎಲ್‌ನ ತನ್ನ ಮೊದಲ ಪಂದ್ಯದಲ್ಲಿಯೇ ಗೋಲು ಹೊಡೆದು 1-0ಯಿಂದ ಗೆಲ್ಲಿಸಿಕೊಟ್ಟ. ಎದುರಿಗಿದ್ದದ್ದು ಅಹ್ಮದ್ ಖಾನ್ ಅವರ ಈಸ್ಟ್ ಬೆಂಗಾಲ್.