ಹರ್ಬೇರಿಯಂನ ಹಾವಸೆ: 1968ರ ಸೀಸದ ಲೆಕ್ಕದ ಮರುಪರಿಶೀಲನೆ

ಗಾಳಿಯಲ್ಲಿನ ಭಾರಲೋಹಗಳನ್ನು ಹಾವಸೆಯಿಂದ ಪತ್ತೆಹಚ್ಚುವ ವಿಧಾನದ ಚರಿತ್ರೆ ಬರೆಯುವವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರೂಲಿಂಗ್ ಮತ್ತು ಟೈಲರ್ ಅವರ 1968ರ ಪ್ರಬಂಧವನ್ನು ಹೆಸರಿಸದೆ ಬಿಡುವುದಿಲ್ಲ. ಆದರೆ ಅದನ್ನು ಸೀಸದ ಪೆಟ್ರೋಲಿನ ಮೇಲಿನ ಆರೋಪಪಟ್ಟಿ ಎಂದು ಮಾತ್ರ ಓದುವ ರೂಢಿ ಬೆಳೆದಿದೆ. ಈ ಓದಿನಲ್ಲಿ ಪುರಾವೆಯ ಅರ್ಧಭಾಗವೇ ಕಳೆದುಹೋಗಿದೆ.

ಅವರಿಬ್ಬರೂ ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಹಳೆಯ ಹಾವಸೆಗಳಲ್ಲಿ ಸೀಸವನ್ನು ಅಳೆದರು. 1860ರ ಸುಮಾರಿಗೆ ದಶಲಕ್ಷಕ್ಕೆ ಸುಮಾರು 20 ಭಾಗವಿದ್ದ ಸೀಸ 1968ರ ಹೊತ್ತಿಗೆ 80–90ಕ್ಕೆ ಮುಟ್ಟಿತ್ತು. ಈ ಏರಿಕೆ ಎರಡು ಹಂತದ್ದು. ಎರಡನೆಯದು 1950ರ ನಂತರದ್ದು. ಅದು ವಾಹನಗಳದ್ದೆಂಬುದರಲ್ಲಿ ತಕರಾರಿಲ್ಲ. ಮೊದಲನೆಯದು 19ನೇ ಶತಮಾನದ ಕೊನೆಯ ಕಾಲು ಭಾಗದ್ದು. ಸೀಸದ ಪೆಟ್ರೋಲು ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದದ್ದೇ 1923ರಲ್ಲಿ. ಆದ್ದರಿಂದ ಮೊದಲ ಏರಿಕೆಯ ಹೊಣೆಯನ್ನು ಕಲ್ಲಿದ್ದಲು ಮತ್ತು ಕೈಗಾರಿಕೆಯ ಹೊಗೆಯ ಮೇಲೆಯೇ ಹೊರಿಸಬೇಕಾಗುತ್ತದೆ.

ಹರ್ಬೇರಿಯಂ ಮಾದರಿಗಳನ್ನು ನಂಬದವರು ಬೀರುವಿನ ದೂಳನ್ನು ಮುಂದೊಡ್ಡಬಹುದು. ದಶಕಗಳ ಕಾಲ ಕಾಗದದ ಮಡಿಕೆಯಲ್ಲಿದ್ದ ಗಿಡಕ್ಕೆ ಕೋಣೆಯ ಸೀಸ ಅಂಟದೇ ಇದ್ದೀತೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ದೂಳೇ ಕಾರಣವಾಗಿದ್ದರೆ ಹೆಚ್ಚು ಕಾಲ ಬೀರುವಿನಲ್ಲಿದ್ದ ಮಾದರಿಯಲ್ಲೇ ಹೆಚ್ಚು ಸೀಸ ಸಿಗಬೇಕಿತ್ತು. ಸಿಕ್ಕಿರುವುದು ಅದಕ್ಕೆ ತದ್ವಿರುದ್ಧ: ಹಳೆಯದರಲ್ಲಿ ಕಡಿಮೆ, ಹೊಸದರಲ್ಲಿ ಹೆಚ್ಚು. ಅಂದರೆ ದೂಳು ಸೇರಿದ್ದರೂ ಅದು ನಿಜವಾದ ಏರಿಕೆಯನ್ನು ತಗ್ಗಿಸಿ ತೋರಿಸಿರಬೇಕೇ ಹೊರತು ಇಲ್ಲದ ಏರಿಕೆಯನ್ನು ಹುಟ್ಟಿಸಿರಲಾರದು. ಹೊಸ ಮಾದರಿಗಳು ರಸ್ತೆಬದಿಯವಿರಬಹುದೆಂಬ ಶಂಕೆಯೂ ಎರಡನೇ ಹಂತಕ್ಕಷ್ಟೇ ತಟ್ಟುತ್ತದೆ. ಸೀಸದ ಪೆಟ್ರೋಲೇ ಇಲ್ಲದ ಕಾಲದ ಮೊದಲ ಹಂತವನ್ನು ಅದು ಅಲುಗಿಸುವುದಿಲ್ಲ.

ಇನ್ನೊಂದು ಸಾಕ್ಷ್ಯ ಸ್ಕಾಟ್ಲೆಂಡಿನದು. ಫಾರ್ಮರ್ ಮತ್ತು ಸಂಗಡಿಗರು 2002ರಲ್ಲಿ, 1838ರಿಂದ 2000ದವರೆಗಿನ ಸ್ಫ್ಯಾಗ್ನಮ್ ಹಾವಸೆಗಳಲ್ಲಿ ಸೀಸದ ಐಸೊಟೋಪುಗಳ (ಸೀಸ ಎಲ್ಲಿಯದೆಂಬ ಸುಳಿವು ಕೊಡುವ ಅದರ ಪರಮಾಣು ಪ್ರಭೇದಗಳ) ಅನುಪಾತವನ್ನು ಪ್ರಕಟಿಸಿದರು. ಗಿಡ ಬೇಗ ಬೆಳೆಯಲಿ, ನಿಧಾನವಾಗಿ ಬೆಳೆಯಲಿ, ಈ ಅನುಪಾತ ಬದಲಾಗದು. ಅದರ ಬಲವಿರುವುದು ಇಲ್ಲೇ. ಅಲ್ಲಿಯೂ ಬದಲಾವಣೆ ಸೀಸದ ಪೆಟ್ರೋಲಿಗಿಂತ ಮೊದಲೇ ಶುರುವಾಗಿದೆ. ಇದು ಸ್ವೀಡನ್ನಿನ ಸಾಕ್ಷ್ಯವಲ್ಲ, ಸೀಸದ ಪ್ರಮಾಣವನ್ನೂ ಹೇಳುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಪೆಟ್ರೋಲೊಂದರಿಂದಲೇ ಎಲ್ಲವನ್ನೂ ವಿವರಿಸುವವರು ಇದಕ್ಕೂ ಉತ್ತರ ಕೊಡಬೇಕು.

ಹಾವಸೆಯಲ್ಲಿನ ಅಂಕಿಯನ್ನು ನಾವು ಉಸಿರಾಡುವ ಗಾಳಿಯ ಅಂಕಿಯೆಂದೇ ಓದುವವರ ಬಗ್ಗೆಯೂ ನನಗೆ ತಾಳ್ಮೆಯಿಲ್ಲ. ಅದರ ಸಾಕ್ಷ್ಯವಿರುವುದು ಹೋಲಿಕೆಯಲ್ಲಿ: ಕಾಲಕ್ಕೆ ಕಾಲ, ಜಾಗಕ್ಕೆ ಜಾಗ. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 2013ರ ಡಿಸೆಂಬರಿನಲ್ಲಿ ಮರಗಳಿಂದ ಸಂಗ್ರಹಿಸಿದ 346 ಮಾದರಿಗಳು ಬಣ್ಣದ ಗಾಜಿನ ಎರಡು ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ ಹೆಚ್ಚಿರುವುದನ್ನು ತೋರಿಸಿದವು. ಆಮೇಲೆ, 2015ರಲ್ಲಿ, ಒಂದು ಕಾರ್ಖಾನೆಯ ಬಳಿ ಇಟ್ಟ ಉಪಕರಣ ಗಾಳಿಯಲ್ಲೇ ಅದನ್ನು ಅಳೆಯಿತು. ಉಪಕರಣ ಎಲ್ಲಿಡಬೇಕೆಂದು ಹೇಳಿದ್ದು ಹಾವಸೆ.

ಆದರೆ ನಗರದ ನಕ್ಷೆಯೊಂದು ಒಂದು ಋತುವಿನ ಸುದ್ದಿ ಮಾತ್ರ. ಇಂದು ಸಂಗ್ರಹಿಸುವ ಪ್ರತಿ ಮಾದರಿಯ ಒಂದು ಪಾಲು ದಿನಾಂಕ, ಮರ, ಬೀದಿಯ ವಿವರದೊಂದಿಗೆ ಹರ್ಬೇರಿಯಂ ಸೇರಬೇಕು. 1860ರ ಸಂಗ್ರಾಹಕರು ಸೀಸಕ್ಕಾಗಿ ಹಾವಸೆ ಕಿತ್ತವರಲ್ಲ. ಜೋಪಾನವಾಗಿ ಇಟ್ಟದ್ದರಿಂದಲೇ ನೂರು ವರ್ಷಗಳ ಬಳಿಕ ಆ ಪ್ರಶ್ನೆ ಕೇಳಲು ಸಾಧ್ಯವಾಯಿತು.