ಸಿಕ್ಕಿಬೀಳದವರೆಲ್ಲ ಶುದ್ಧರೇ?

1994ರ ವಿಶ್ವಕಪ್ ಫುಟ್ಬಾಲ್‌ನಲ್ಲಿ ಎಫೆಡ್ರಿನ್ ಪತ್ತೆಯಾಗಿ ಮರಡೋನಾ ಹೊರಬಿದ್ದರು. ಅಂಥ ಆಟಗಾರನೇ ಸಿಕ್ಕಿಬಿದ್ದ ಮೇಲೆ ತಪಾಸಣೆ ಬಿಗಿಯಾಗಿದೆ ಎಂದು ಯಾರಿಗಾದರೂ ಅನಿಸಬಹುದು. ಆದರೆ 1998ರಲ್ಲಿ ಇಟಲಿಯಿಂದ ಬೇರೆಯೇ ಸತ್ಯ ಹೊರಬಿತ್ತು. ಫುಟ್ಬಾಲ್‌ನಲ್ಲಿ ಔಷಧಿಗಳ ಬಳಕೆ ಮಿತಿಮೀರಿದೆ ಎಂದು ತರಬೇತುದಾರ ಝೆಮನ್ ಬಹಿರಂಗವಾಗಿ ದೂರಿದರು. ತನಿಖೆ ನಡೆದಾಗ, ರೋಮಿನ ಪ್ರಯೋಗಾಲಯವು ಫುಟ್ಬಾಲ್ ಆಟಗಾರರ ಬಹುಪಾಲು ಮಾದರಿಗಳಲ್ಲಿ ಅನಾಬಾಲಿಕ್ ಸ್ಟಿರಾಯ್ಡ್‌ಗಳನ್ನು ಹುಡುಕುತ್ತಲೇ ಇರಲಿಲ್ಲ ಎಂಬುದು ಬಯಲಾಯಿತು. ಹುಡುಕದ ಮೇಲೆ ಸಿಗುವುದಾದರೂ ಹೇಗೆ?

ಹುಡುಕಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನ ಓಟಗಾರ್ತಿಯ ಕಥೆಯೇ ಇದೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ 2 ಚಿನ್ನ ಗೆದ್ದರು. 2011ರಲ್ಲಿ ಅವರ ಮಾದರಿಯಲ್ಲಿ ಸ್ಟಿರಾಯ್ಡ್ ಪತ್ತೆಯಾಯಿತು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಮಾತ್ರೆಯೇ ಇದಕ್ಕೆ ಕಾರಣವೆಂದು ಅವರು ವಾದಿಸಿದರು. ಮೊದಲು 1 ವರ್ಷವಿದ್ದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2 ವರ್ಷಕ್ಕೆ ಏರಿಸಿತು. ದೇಹದೊಳಗೆ ಏನು ಸೇರಿದರೂ ಹೊಣೆ ಕ್ರೀಡಾಪಟುವಿನದೇ ಎನ್ನುತ್ತದೆ ನಿಯಮ.

ಹುಡುಕುವವರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದ ಮಾನ್ಯತೆ 2019ರಲ್ಲಿ ಅಮಾನತಾಗಿ, 2021ರಲ್ಲಷ್ಟೇ ಮರಳಿ ಸಿಕ್ಕಿತು.

ಪರೀಕ್ಷೆ ಸಡಿಲವಾದರೆ ಪ್ರಾಮಾಣಿಕವಾಗಿ ಆಡಿದವನ ಗೆಲುವಿಗೂ ಅನುಮಾನ ಅಂಟುತ್ತದೆ, ನಷ್ಟ ಅವನದೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮೈದಾನಗಳಲ್ಲಿ ಓಡುವ ಮಕ್ಕಳಿಗೆ ರಾಜಧಾನಿಯ ಪ್ರಯೋಗಾಲಯ ಬಲು ದೂರ. ಆದರೆ 'ಶಕ್ತಿ ಬರುತ್ತದೆ' ಎಂದು ಯಾರೋ ನೀಡುವ ಮಾತ್ರೆ ಹತ್ತಿರವೇ ಇರಬಹುದು. ಅದನ್ನು ನುಂಗುವ ಮುನ್ನ 'ಇದರಲ್ಲೇನಿದೆ?' ಎಂದು ಕೇಳುವ ಧೈರ್ಯವನ್ನು ನಾವು ಅವರಿಗೆ ಕಲಿಸಬೇಕಾಗಿದೆ.